ಉದ್ದ ಬ

ಸಾರಂದೀ ಬೀದಿಯ ಪುಸ್ತಕದಂಗಡಿಯೆದುರು
ಜುಲೈ ತಿಂಗಳ ಚಳಿಯಲ್ಲಿ ಸಾಲು ನಿಂತಿದೆ.
ನದಿಯ ಕಡೆಯಿಂದ ಗಾಳಿ, ಟೋಪಿ ಹಿಡಿದುಕೊಂಡೇ ನಿಲ್ಲಬೇಕು.
ಮೊಂತೆವಿದೇಯೊದ ಅರ್ಧ ಜನ ಬಗಲಲ್ಲಿ ಬಿಸಿನೀರಿನ ಫ್ಲಾಸ್ಕು ಅವುಚಿ,
ಇನ್ನರ್ಧ ಜನ ಅವರನ್ನು ಒಂದು ಗುಟುಕು ಯೆರ್ಬಾ ಕೇಳುತ್ತ.
ಮೂವತ್ತೇಳು ವರ್ಷ ಬಸ್ಸಿನಲ್ಲಿ ಟಿಕೆಟು ಹರಿದವನು ನಾನು,
ಸಾಲುಗಳನ್ನು ಬೇಕಾದಷ್ಟು ಕಂಡಿದ್ದೇನೆ,
ಈ ತುದಿಯಲ್ಲಿ ನಿಂತದ್ದು ಕಡಿಮೆ.

ಪುಸ್ತಕ ನನ್ನದಲ್ಲ. ನಿಬಿಯಾಳದು.
ಎರ್ಸಿಲಿಯಾ ಓದ್ರಿಯೋಸೋಲಾ ಬರೆದ ಹದಿನಾಲ್ಕು ಪತ್ತೇದಾರಿ ಕಾದಂಬರಿ
ಅಕ್ಕನ ಮಂಚದ ಕೆಳಗೆ, ಬೂಟಿನ ಪೆಟ್ಟಿಗೆಗಳಲ್ಲಿ.
ಕೊಲೆಗಾರ ಯಾರಾದರೇನು ಅವಳಿಗೆ!
ಮೊದಲು ತೆರೆಯುತ್ತಿದ್ದುದು ಕೊನೆಯ ಪುಟ:
ಇನ್ಸ್‌ಪೆಕ್ಟರನ ಮುದಿ ನಾಯಿ ಬದುಕಿದೆಯೋ ಇಲ್ಲವೋ.
ಬದುಕಿದ್ದರೆ ಒಲೆಯ ಮೇಲೆ ನೀರಿಟ್ಟು
ಮೊದಲ ಪುಟಕ್ಕೆ ಬರುತ್ತಿದ್ದಳು.

ಹದಿನೈದನೆಯದು ಬಂದದ್ದು ಏಪ್ರಿಲಿನಲ್ಲಿ.
ಅಷ್ಟೊತ್ತಿಗೆ ಅವಳ ಕಣ್ಣಲ್ಲಿ ಅಕ್ಷರ ನಿಲ್ಲುತ್ತಿರಲಿಲ್ಲ.
ಆಸ್ಪತ್ರೆಯ ಆರನೇ ಮಹಡಿ, ಕಿಟಕಿ ಪಕ್ಕದ ಹಾಸಿಗೆ.
"ಕೊನೇದು ನೋಡೋ," ಅಂದಳು.
ನೋಡಿದೆ.
ಮೂರೇ ಸಾಲು. ಹೊದಿಕೆ, ಗುದ್ದಲಿ, ಅಂಜೂರದ ಮರ.
"ಬಾಗಿಲ ಹತ್ತಿರ ಮಲಗಿದೆ ಕಣೇ," ಅಂದೆ,
"ಬಿಸಿಲಿಗೆ ಹೊಟ್ಟೆ ಕೊಟ್ಟು."
"ಹಾಗಾದರೆ ಶುರು ಮಾಡು."
ಐವತ್ತೆರಡನೇ ಪುಟದ ತನಕ ಓದಿದೆ. ಅಷ್ಟೇ ಆದದ್ದು.

ಒಬ್ಬ ಹುಡುಗಿ ಹಳದಿ ಚೀಟಿ ಹಂಚುತ್ತ ಬಂದಳು,
ಯಾರ ಹೆಸರಿಗೆ ಸಹಿ ಬೇಕೋ ಬರೆದಿಟ್ಟುಕೊಳ್ಳಿ ಅಂತ.
ಬರೆದೆ. ಕೈ ನಡುಗಿತು, ಚಳಿಗೆ ಅಂದುಕೊಳ್ಳಲಿ.

ಮೇಜಿನ ಹಿಂದೆ, ಫೋಟೋದಲ್ಲಿದ್ದದ್ದಕ್ಕಿಂತ ಸಣ್ಣ ಹೆಂಗಸು,
ಮಣಿಕಟ್ಟಿಗೆ ಪಟ್ಟಿ, ನೆಗಡಿಗೆ ಕೆಂಪಾದ ಮೂಗು.
ಚೀಟಿ ಎತ್ತಿ, ಕಣ್ಣು ಕಿರಿದು ಮಾಡಿ ಕೇಳಿದಳು:
"ಇದು ಉದ್ದ ಬ-ನೋ, ಗಿಡ್ಡ ವ-ನೋ?"

ನಮ್ಮ ಬಾಯಲ್ಲಿ ಎರಡಕ್ಕೂ ಒಂದೇ ಸದ್ದು,
ಬೇರೆಯಾಗುವುದು ಕಾಗದದ ಮೇಲೆ ಮಾತ್ರ.
ಅಕ್ಕನ ಆಯುಷ್ಯವೆಲ್ಲ ಕಿಟಕಿಗಳೆದುರು ಇದೇ ಮಾತು,
ಪಿಂಚಣಿ ಕಚೇರಿಯಲ್ಲಿ, ಲಾಂಡ್ರಿಯಲ್ಲಿ, ರಕ್ತ ಕೊಡಲು ನಿಂತಾಗ:
"ಉದ್ದ ಬ ಕಣಪ್ಪಾ. ಹಡಗಿನ ಬ. ಹಸುವಿನದಲ್ಲ."
ಮರಣಪತ್ರದಲ್ಲಿ ಹಸುವಿನದೇ ಬಿದ್ದಿತ್ತು.
ತಿದ್ದಿಸಲು ಎರಡು ಸಲ ಓಡಾಡಿದೆ.
ಹೆಸರಿನವರೇ ಖುದ್ದಾಗಿ ಬರಬೇಕು ಅಂದ ಗುಮಾಸ್ತ,
ಅಂದಮೇಲೆ ತಾನೇ ತಲೆ ತಗ್ಗಿಸಿದ.

"ಹಡಗಿನ ಬ," ಅಂದೆ.
ನನ್ನ ಗಂಟಲಿಂದ ಅವಳದೇ ಸಿಡುಕು ಹೊರಟಿತು.
ಓದ್ರಿಯೋಸೋಲಾ ನಕ್ಕಳು. "ಅವರಿಗೆ ಹಿಡಿಸಿತೇ ಪುಸ್ತಕ?"

ಮನೆಯಿಂದ ಒಂದು ಮಾತು ಜೋಡಿಸಿಕೊಂಡು ಬಂದಿದ್ದೆ,
ದಾರಿಯುದ್ದ ಮಗ್ಗಿಯ ಹಾಗೆ ಒಪ್ಪಿಸಿಕೊಂಡಿದ್ದೆ:
ಯಾಕಮ್ಮಾ ಕೊಂದೆ, ಹದಿನಾಲ್ಕು ಸಲ ಉಳಿಸಿದವಳು?
ಬಾಯಿಗೆ ಬಂದದ್ದು ಬೇರೆ.
"ನಾಯಿ ಉಳಿಯಿತಲ್ಲ, ಅಷ್ಟು ಸಾಕು ಅಂದಳು."

ಪೆನ್ನು ಕಾಗದದಿಂದ ಒಂದು ಬೆರಳು ಮೇಲೆ ನಿಂತಿತು.
ನನ್ನ ಮುಖ ನೋಡಿದಳು,
ಚೀಟಿಯ ಮೇಲೆ ಸೊಟ್ಟಗೆ ಬಿದ್ದ ಅಕ್ಷರ ನೋಡಿದಳು.
ಹಿಂದೆ ಯಾರೋ ಕೆಮ್ಮಿದರು.
"ಹೌದು," ಅಂದಳು, ಮೂಗು ಒರೆಸಿಕೊಂಡು,
"ಗಟ್ಟಿ ಪ್ರಾಣಿ ಅದು."
ಆಮೇಲೆ ಬರೆದಳು, ಬಹಳ ಹೊತ್ತು.

ಹಿಂತಿರುಗುವ ಬಸ್ಸಿನಲ್ಲಿ ಗುರುತಿನ ಹುಡುಗ ಕಾಸು ಮುಟ್ಟಲಿಲ್ಲ.
ದೀಪದ ಕೆಳಗೆ ಸೀಟು ಹಿಡಿದು ಹಾಳೆ ತೆರೆದೆ.
ಏನು ಬರೆದಿದ್ದಾಳೋ ಓದಲಿಲ್ಲ, ಇನ್ನೂ ಓದಿಲ್ಲ.
ಒಂದಕ್ಷರವನ್ನಷ್ಟೇ ಹುಡುಕಿದೆ:
ಇತ್ತು. ಹಡಗಿನ ಕೂವೆಯ ಹಾಗೆ, ನೆಟ್ಟಗೆ,
ಮೇಲಿನ ಸಾಲಿಗೆ ತಲೆ ತಾಗುವಷ್ಟು ಉದ್ದ.
ಮಸಿ ಹಸಿಯಿತ್ತು.
ಮುಚ್ಚದೆ ತೊಡೆಯ ಮೇಲಿಟ್ಟುಕೊಂಡು ಕೂತೆ.
ನನ್ನ ಸ್ಟಾಪು ದಾಟಿ ಆರು ಸ್ಟಾಪು ಹೋಗಿತ್ತು,
ಮೂವತ್ತೇಳು ವರ್ಷದಲ್ಲಿ ಮೊದಲ ಸಲ.