ಆಗದೇ ಹೋದದ್ದರ ವರದಿ

ಚಿಂಬೋಟೆ ಬಂದರಿನ ಮೀನುಹಿಟ್ಟಿನ ಕಾರ್ಖಾನೆಯಲ್ಲಿ
ಮೊನ್ನೆ ನಸುಕಿನ ಮೂರೂ ನಲವತ್ತಕ್ಕೆ
ಏನೂ ಆಗಲಿಲ್ಲ.
ಅದರ ಬಗ್ಗೆ ನಾನೀಗ ವರದಿ ಬರೆಯಬೇಕು.

ಆಗಿದ್ದರೆ ಸುಲಭವಿತ್ತು.
ರಕ್ತ ತಾನೇ ಬರೆಸುತ್ತದೆ. ಲಿಮಾದಿಂದ ಫೋನು,
ವಕೀಲರು, ಮೇಣದಬತ್ತಿ, ಒಂದು ನಿಮಿಷ ಮೌನ.
ಆಗದ್ದಕ್ಕೆ ಒಂದೇ ಹಾಳೆಯ ನಮೂನೆ,
ಹಾಲಿಲ್ಲದ ಎರಡನೇ ಕಾಫಿ,
ಸುರಕ್ಷತೆಯ ಮೇಜಿಗೆ ಸಂಬಳ ಪಡೆಯುವ ನಾನು.

ನೆಮೆಸಿಯೊ ವಾಮಾಂಚುಮೊ ತೊಟ್ಟಿಯೊಳಗಿದ್ದ, ಸೊಂಟದವರೆಗೆ.
ತೊಟ್ಟಿಯ ತಳದಲ್ಲಿ ಆಳುದ್ದದ ತಿರುಪು:
ಬಂದದ್ದನ್ನು ತಳ್ಳುತ್ತದೆ, ಹಿಂಡುತ್ತದೆ,
ಮೀನೋ ಮತ್ತೊಂದೋ ಎಂದು ಕೇಳುವುದಿಲ್ಲ.
ಅದಕ್ಕೆ ಸುತ್ತಿಕೊಂಡ ಬಲೆಹಗ್ಗ ಬಿಡಿಸುತ್ತಿದ್ದ.
ನಮೂನೆ ಕೇಳುತ್ತದೆ: ಸ್ವಿಚ್ಚಿಗೆ ಬೀಗ ಹಾಕಿದ್ದನೇ?
ಇಲ್ಲ.
ನಿಯಮ ತಿಳಿದಿತ್ತೇ?
ತಿಳಿದಿತ್ತು. ಸಹಿ ಇದೆ. ನಾನೇ ಹಾಕಿಸಿಕೊಂಡದ್ದು,
ಊಟದ ಸಾಲಿನಲ್ಲಿ ನಿಲ್ಲಿಸಿ, ಓದಿ ಹೇಳದೆ.

ಏಳು ಜನರ ಪಾಳಿಗೆ ಮೂರೇ ಬೀಗ ಎಂದು ಬರೆಯಲು
ನಮೂನೆಯಲ್ಲಿ ಗೆರೆಯಿಲ್ಲ.
ಮೂರರಲ್ಲೊಂದಕ್ಕೆ ಕೀಲಿಯಿಲ್ಲ.
ಒಂದು ಬಾಯ್ಲರಿನ ಹತ್ತಿರ ತುಕ್ಕು ಹಿಡಿದು ಕಚ್ಚಿಕೊಂಡಿದೆ.
ಇನ್ನೊಂದು ಕ್ಯಾಂಟೀನಿನಲ್ಲಿ
ಸಕ್ಕರೆ ಡಬ್ಬಿ ಕಾಯುತ್ತಿದೆ.

ಮೇಲೆ ಗುಂಡಿಗಳ ಹಲಗೆಯ ಮುಂದೆ ಚಾಫ್ಲೋಕೆ.
ಇಪ್ಪತ್ತೆರಡರ ಹುಡುಗ, ಹದಿನಾರನೇ ಗಂಟೆಯ ಕಣ್ಣು.
ಹೊರಗೆ ಒಂಬತ್ತು ದೋಣಿ ಹೊಟ್ಟೆ ಬಿರಿಯೆ ತುಂಬಿ ಕಾದಿವೆ.
ಆಂಚೊವಿಗೆ ಗಂಟೆಗೊಂದು ವಾಸನೆ,
ವಾಸನೆಗೊಂದು ದರ.
ಪಂಪಿನ ಗುಂಡಿ ಮೊದಲು ನೀಲಿಯಿತ್ತು.
ಮಾರ್ಚಿಯಲ್ಲಿ ಒಡೆಯಿತು; ಉಗ್ರಾಣದಲ್ಲಿ ಸಿಕ್ಕಿದ್ದು ಹಸಿರು.
ತಿರುಪಿನದ್ದೂ ಹಸಿರು.
ಪಕ್ಕಪಕ್ಕದಲ್ಲೇ, ಅವಳಿ ಮಕ್ಕಳ ಹಾಗೆ.

ಒತ್ತಿದ.

ತಿರುಪು ತಿರುಗಿತು, ಖಾಲಿ.
ನೆಮೆಸಿಯೊ ಆಗಷ್ಟೇ ಹೊರಗೆ ಬಂದಿದ್ದ.
ಯಾಕೆ ಬಂದೆ ಎಂದು ಕೇಳಿದೆ. ತಲೆ ಕೆರೆದುಕೊಂಡ.
ಚಾಕು ಮೊಂಡಂತೆ. ಹಗ್ಗ ಕೊಯ್ಯಲೊಲ್ಲದಂತೆ.
ಅದರ ತಾಯಿಯನ್ನೂ ತಂದವನನ್ನೂ ಬೈಯುತ್ತ
ಬೇರೆ ಚಾಕಿಗೆಂದು ಏಣಿಯ ನಾಲ್ಕು ಮೆಟ್ಟಿಲು ಹತ್ತಿದ್ದನಂತೆ.

ಕಲಮು ಹನ್ನೊಂದು: ಉಪಕರಣಗಳು ಹರಿತವಾಗಿರತಕ್ಕದ್ದು.
ಹಾಗಾದರೆ ಇದೂ ಉಲ್ಲಂಘನೆಯೇ.
ಒಂದು ತಪ್ಪು ಕೊಲ್ಲಲು ಹೊರಟಿತ್ತು,
ಇನ್ನೊಂದು ತಪ್ಪು ಬಂದು ಅದರ ರಟ್ಟೆ ಹಿಡಿಯಿತು.
ಇದನ್ನು ಯಾವ ಚೌಕದಲ್ಲಿ ಬರೆಯಲಿ?

ಟ್ರುಹಿಯೊದ ಹೋಟೆಲಿನಲ್ಲಿ ಎರಡು ದಿನ ಕಲಿಸಿದ್ದರು:
ಸಂಭವವನ್ನು ತೀವ್ರತೆಯಿಂದ ಗುಣಿಸಿ.
ಹಸಿರು, ಹಳದಿ, ಕೆಂಪಿನ ಇಪ್ಪತ್ತೈದು ಮನೆ,
ಚೌಕಾಬಾರದ ಹಾಗೆ.
ಇದುವರೆಗೆ ಆಗಿಲ್ಲವಾದರೆ ‘ಅಪರೂಪ’ ಎನ್ನಿ, ಎಂದಿದ್ದರು.
ಇದುವರೆಗೆ ಆಗಿಲ್ಲ, ನಿಜ.
ಮೊಂಡು ಚಾಕುಗಳ ಲೆಕ್ಕ ಇಟ್ಟವರು ಯಾರು?

ಸೂಪರಿಂಟೆಂಡೆಂಟ್ ಬೆಹಾರಾನೊ ಬಾಗಿಲಲ್ಲೇ ನಿಂತು,
ಒಂದು ಕಾಲು ಒಳಗಿಟ್ಟು ಹೇಳುತ್ತಾರೆ:
‘ಮಾನವ ದೋಷ ಅಂತ ಬರೆದು ಮುಗಿಸಮ್ಮ.
ಹುಡುಗನ್ನ ಮೂರು ದಿನ ಮನೆಗೆ ಕಳಿಸೋಣ.’
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಮೂರು ದಿನ ನಿದ್ದೆ ಮಾಡಿ ಬಂದ ಮೇಲೂ
ಹಲಗೆಯಲ್ಲಿ ಅವೇ ಎರಡು ಹಸಿರು.

ಬರೆದೆ: ಮಾನವ ದೋಷ.
ಎದುರಿನ ಖಾಲಿ ಜಾಗದಲ್ಲಿ, ಸಣ್ಣಗೆ: ಯಾವ ಮಾನವ?
ಹಳೆಯ ಕಡತ ತೆಗೆದೆ.
ಏಪ್ರಿಲ್ ತಪಾಸಣೆ, ಸಾಲು ಆರು,
‘ಬೀಗಗಳು: ಸಾಕಷ್ಟಿವೆ.’
ಅಕ್ಷರ ನನ್ನದು.
ಅಂದು ಮಗಳಿಗೆ ಹಲ್ಲುನೋವು,
ನಾಲ್ಕರ ಬಸ್ಸು ಹಿಡಿಯಬೇಕಿತ್ತು,
ಎಣಿಸಿರಲಿಲ್ಲ.
ಅದನ್ನೂ ಬರೆದೆ, ಬಸ್ಸಿನ ಸಮೇತ.

ಆಮೇಲೆ ಕ್ಯಾಂಟೀನಿಗೆ ಹೋದೆ.
ಒರ್ಫೆಲಿಂಡಾ ಸೌಟು ಹಿಡಿದು ಅಡ್ಡ ನಿಂತಳು:
ಬೀಗ ಒಯ್ದರೆ ಸಂಜೆಯೊಳಗೆ ಸಕ್ಕರೆ ಮಾಯ, ನೋಡು!
ಆಗಲಿ ಎಂದೆ. ನಿಜವಾಗಿಯೂ ಮಾಯವಾಯಿತು, ಮಧ್ಯಾಹ್ನಕ್ಕೇ.

ಬೀಗವನ್ನು ನೆಮೆಸಿಯೊನ ಅಂಗೈಗಿಟ್ಟೆ.
ಅಂಟಂಟು, ಎಂದ.
ಹತ್ತು ಬೆರಳಲ್ಲಿ ಒಂದನ್ನು
ನಿಧಾನವಾಗಿ ನೆಕ್ಕಿಕೊಂಡ.