ಬೆರಳಚ್ಚುಗಾರ

ಹದಿನೇಳು ವರ್ಷವಾಯಿತು, ಶಿಡ್ಲಘಟ್ಟದ ಕೋರ್ಟಿನಲ್ಲಿ
ಬೆರಳಚ್ಚುಗಾರ ನಾನು.
ಜಾಮೀನು ಆದೇಶದ ನಮೂನೆ ಕಣ್ಣು ಮುಚ್ಚಿದರೂ ಬರುತ್ತದೆ:
ಒಂದು, ಸಾಕ್ಷಿಗಳನ್ನು ಬೆದರಿಸತಕ್ಕದ್ದಲ್ಲ.
ಎರಡು, ಕರೆದಾಗ ಹಾಜರಾಗತಕ್ಕದ್ದು.
ಮೂರು, ಜಿಲ್ಲೆಯ ಎಲ್ಲೆ ದಾಟತಕ್ಕದ್ದಲ್ಲ.
ಹೆಸರೊಂದನ್ನು ಬದಲಿಸಿದರೆ ಮುಗಿಯಿತು;
ಅದನ್ನೂ ಮರೆತು ಒಮ್ಮೆ
ಹಳೇ ಕಳ್ಳನ ಹೆಸರಲ್ಲಿ ಹೊಸಬ ಹೊರಬೀಳುವುದರಲ್ಲಿದ್ದ.

ಈ ಸಲದವನು ಮೊತಾಲೆಬ್ ಶೇಖ್,
ವಯಸ್ಸು ಇಪ್ಪತ್ತಮೂರು, ನೂಲು ಬಿಚ್ಚುವ ಕೂಲಿ.
ಆರೋಪ: ಗೂಡಿನ ಮಾರುಕಟ್ಟೆಯ ಜಾಲರಿಯಿಂದ
ನಾಲ್ಕು ಕೆಜಿ ಬಿಳಿಗೂಡು.
ಅಷ್ಟಕ್ಕೆ ನಮ್ಮಲ್ಲಿ ಯಾರಿಗಾದರೂ
ಊಟದ ಹೊತ್ತಿಗೆ ಬಿಡುಗಡೆ.

ಸರ್ಕಾರಿ ವಕೀಲರು ಎದ್ದರು.
ಗೂಡಿನ ಮಾತೇ ಎತ್ತಲಿಲ್ಲ.
‘ಆಡುವುದು ಬಂಗಾಳಿ. ಮುರ್ಶಿದಾಬಾದ್ ಅನ್ನುತ್ತಾನೆ,
ನದಿಯ ಈಚೆಯವನೋ ಆಚೆಯವನೋ ತಿಳಿಯದು.
ಬಿಟ್ಟರೆ ಗಡಿ ದಾಟಿಬಿಡುತ್ತಾನೆ.’

ಗಡಿ ಎಂದರೆ ನನಗೆ ಗೊತ್ತಿರುವುದು ಒಂದೇ,
ಬಾಗೇಪಲ್ಲಿ ದಾಟಿದರೆ ಸಿಗುವ ಆಂಧ್ರದ್ದು.
ಟೊಮೆಟೊ ದಿನಾ ದಾಟುತ್ತದೆ, ಬೀಗರು ದಾಟುತ್ತಾರೆ,
ನನ್ನ ಹೆಂಡತಿ ಅಲ್ಲಿಂದಲೇ ದಾಟಿ ಬಂದವಳು;
ಈಗಲೂ ಸಿಟ್ಟು ಬಂದರೆ ತೆಲುಗು.

ಮೇಡಂ ಕನ್ನಡಕ ತೆಗೆದರು.
‘ಅವನ ದೇಶ ತೀರ್ಮಾನಿಸಲು ನಾನಿಲ್ಲಿ ಕೂತಿಲ್ಲ.
ಗೂಡಿನ ವಿಷಯ ಹೇಳಿ.’
ಹೇಳುವುದು ಹೆಚ್ಚೇನೂ ಇರಲಿಲ್ಲ.
ಜಾಮೀನಾಯಿತು. ಆಮೇಲೆ ನನ್ನ ಕಡೆ ತಿರುಗಿ,
‘ನಾಲ್ಕು, ಪಾಸ್‌ಪೋರ್ಟ್ ಒಪ್ಪಿಸತಕ್ಕದ್ದು.’
ಅವನ ವಕೀಲ, ಹೊಸ ಹುಡುಗ, ತಡವರಿಸಿದ:
‘ಅವನ ಹತ್ತಿರ ಇಲ್ಲ, ಮೇಡಂ.’
‘ಇದ್ದರೆ ಅಂತ ಸೇರಿಸಿ.’

ಇದ್ದರೆ.
ಸೇರಿಸಿದೆ, ಎರಡು ಅಲ್ಪವಿರಾಮಗಳ ನಡುವೆ.
ಇದ್ದಿದ್ದರೆ ಯಾವ ದೇಶದವನೆಂದು ಗೊತ್ತಾಗುತ್ತಿತ್ತು,
ಇಲ್ಲದ್ದರಿಂದ ಪರದೇಶಿಯಾದ.
ನಮ್ಮಜ್ಜಿಯ ಬಾಯಲ್ಲಿ ಆ ಮಾತಿಗೆ
ದೇಶದ ಸೋಂಕೇ ಇರಲಿಲ್ಲ.
ಬಾಗಿಲಲ್ಲಿ ನಿಂತ ಹಸಿದವನನ್ನು
‘ಅಯ್ಯೋ ಪರದೇಶಿ’ ಎಂದು ಒಳಗೆ ಕರೆಯುತ್ತಿದ್ದಳು.

ಹೊಣೆ ನಿಲ್ಲಲು ಬಂದವಳು ಮುನಿನಾಗಮ್ಮ.
ಒಂದು ಎಕರೆ ಆರು ಗುಂಟೆ ಹಿಪ್ಪುನೇರಳೆ,
ಮನೆ ಹಿಂದೆ ನಾಲ್ಕು ಒಲೆ.
ಪಹಣಿ ತಂದಿದ್ದಳು, ಆಧಾರ್ ತಂದಿದ್ದಳು,
ಸೆರಗಿನ ಗಂಟಲ್ಲಿ ಛಾಪಾಕಾಗದದ ದುಡ್ಡು ತಂದಿದ್ದಳು.
ಯಂತ್ರದ ಮೇಲೆ ಹೆಬ್ಬೆರಳಿಟ್ಟಳು. ಕೆಂಪು ದೀಪ.
ಸೆರಗಿಗೆ ಒರೆಸಿ ಇಟ್ಟಳು. ಕೆಂಪು.
ಹತ್ತೂ ಬೆರಳು ಮುಗಿದವು.
ಮೂವತ್ತು ವರ್ಷ ಕುದಿನೀರಲ್ಲಿ ಎಳೆಯ ತುದಿ ಹುಡುಕಿದ ಕೈ,
ಗೆರೆಯೆಲ್ಲ ನೂಲಿನೊಂದಿಗೆ ಬಿಚ್ಚಿಹೋಗಿತ್ತು.

ಠಾಣೆಯಲ್ಲಿ ಮೊತಾಲೆಬನದೂ ಮೂಡಿರಲಿಲ್ಲ.
ಅದನ್ನವರು ಅನುಮಾನದ ಕಾಲಮ್ಮಿನಲ್ಲಿ ಬರೆದಿದ್ದರು.

‘ನಿಮ್ಮ ಊರವನೇನಮ್ಮ?’ ಎಂದರು ಶಿರಸ್ತೇದಾರರು.
‘ಅವ್ನೂರು ಯಾವ್ದೋ ನಂಗೊತ್ತಿಲ್ಲ ಸಾಮಿ.
ಕದ್ದವ್ನೋ ಇಲ್ವೋ ಅದೂ ಗೊತ್ತಿಲ್ಲ.
ಎರಡ್ ವರ್ಸ ನನ್ನೊಲೆ ಮುಂದೆ ಕುಂತವ್ನೆ,
ಒಂದಿನಾನೂ ಎಳೆ ಹರಿದವನಲ್ಲ.
ಮನೇಲಿ ನಲವತ್ ಕೇಜಿ ಗೂಡು ಬಿದ್ದೈತೆ,
ಹುಳ ತೂತು ಮಾಡ್ಕೊಂಡು ಹಾರೋದ್ರೊಳ್ಗೆ
ಅವನ್ನ ಕಳ್ಸಿ.’

‘ಜಾಮೀನುದಾರರ ಗುರುತು ಖಚಿತಪಡದ ಕಾರಣ...’
ನನ್ನ ಬೆರಳೇ ಬಡಿಯಿತು ಅದನ್ನು.
ಸೋಮವಾರಕ್ಕೆ ಮುಂದೂಡಿದೆ.
ಆದೇಶ ಕಡತದಲ್ಲಿ, ಅವನು ಚಿಕ್ಕಬಳ್ಳಾಪುರದ ಜೈಲಿನಲ್ಲಿ.
ಮುನಿನಾಗಮ್ಮ ಹೊರಗಿನ ಕಲ್ಲುಬೆಂಚಿನ ಮೇಲೆ
ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತ, ದಿನ ಎಣಿಸುತ್ತಿದ್ದಳೇನೋ.

ನನ್ನ ಜನ್ಮದಿನ ಜೂನ್ ಒಂದು.
ಅಪ್ಪನಿಗೆ ನೆನಪಿರಲಿಲ್ಲ, ಹೆಡ್‌ಮಾಸ್ತರು ಬರೆದುಕೊಂಡರು.
ಆ ಸುಳ್ಳಿನ ಮೇಲೆ ನೌಕರಿ, ಪಿಂಚಣಿ, ಮತದಾನ;
ಯಾರೂ ಕೇಳಿಲ್ಲ.

ಮರುದಿನ ಬೈಕು ಕದ್ದ ಚಿಂತಾಮಣಿಯ ಹುಡುಗನೊಬ್ಬ,
ಮಾವನ ಪಹಣಿ, ಹಸಿರು ದೀಪ.
ನಿನ್ನೆಯ ಪ್ರತಿಯ ಮೇಲೆ ಹೆಸರು ಬದಲಿಸಿ ಕಳಿಸಿದ್ದೆ.
ಸಂಜೆ ಕಡತ ಕಟ್ಟುವಾಗ ನೋಡುತ್ತೇನೆ:
ನಾಲ್ಕು, ಪಾಸ್‌ಪೋರ್ಟ್, ಇದ್ದರೆ, ಒಪ್ಪಿಸತಕ್ಕದ್ದು.
ವಕೀಲರು ಓದಿರಲಿಲ್ಲ, ಮೇಡಂ ಸಹಿ ಹಾಕಿದ್ದರು.
ಅವನಾಗಲೇ ಗೇಟಿನೆದುರು
ಟೀ ಕುಡಿದು ಹೋಗಿದ್ದ.