ಎರಡು ಸೊನ್ನೆ

ಹಂಪನಕಟ್ಟೆಯ ಮೂರನೆಯ ಮಹಡಿ. ಕೆಳಗೆ
ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಎಂದು ಬಸ್ಸಿನ ಮೈ ಬಡಿಯುವ ಕಂಡಕ್ಟರು.
ನನ್ನ ಪರದೆಯ ಮೇಲೆ
ಇಪ್ಪತ್ತಾರು ವರ್ಷ ಹಳೆಯ ಡೇಟಾಬೇಸಿನ ಕೋಡ್,
ಅದರಲ್ಲಿ ಒಂದೇ ಮುಖದ ಐದು ಟೈಪು.

ಎಲ್ಲವೂ ಮೂವತ್ತೆರಡು ಬಿಟ್. ಅಗಲ ಒಂದೇ, ತೂಕ ಒಂದೇ.
ಪುಟದ ಸಂಖ್ಯೆ, ಸಾಲಿನ ಸಂಖ್ಯೆ, ಮತ್ತೆ ಮೂರು
ಯಾರ್‍ಯಾರೋ ನಕಲು ಹೊಡೆದು ಮರೆತವು.
‘ಒಂದೇ ಮಾಡುವ ಮೇಡಂ, ಎಂಥ ಉಂಟು ಇದರಲ್ಲಿ?’
ಅಂದ ತನ್ವೀರ.

ಮಾಡಿದೆ. ಅವನು ಊಟ ಮುಗಿಸಿ ಬರುವಷ್ಟರಲ್ಲಿ
ನಾನೂರು ಸಾಲು ಮಾಯ.
ಕಂಪೈಲರ್ ತುಟಿ ಬಿಚ್ಚಲಿಲ್ಲ. ಪರೀಕ್ಷೆಗಳೆಲ್ಲ ಹಸಿರು.
ಆ ಮೌನಕ್ಕೇ ಅಂಜಿಕೆಯಾದದ್ದು ನನಗೆ:
ಪುಟವನ್ನು ಸಾಲಿನ ಜಾಗದಲ್ಲಿಟ್ಟರೆ
ನಿನ್ನೆಯವರೆಗೆ ಕಿರುಚುತ್ತಿದ್ದದ್ದು ಇದೇ ಅಲ್ಲವೆ?

ತುಳುವಿನಲ್ಲಿ ಬಲೆ ಅಂದರೆ ಬನ್ನಿ.
ಧಕ್ಕೆಯಲ್ಲಿ ಬಲೆ ಅಂದರೆ ಬಲೆ.
ಎರಡೇ ಅಕ್ಷರ, ಅದೇ ಉಸಿರು.
ಕರೆದದ್ದೋ, ಹಿಡಿಯುವುದೋ
ಯಾರ ಬಾಯಿ, ಯಾವ ಹೊತ್ತು ನೋಡಿ ತಿಳಿಯಬೇಕು.
ಯಂತ್ರಕ್ಕೆ ಬಾಯಿಯ ಗುರುತಿಲ್ಲ,
ಹೊತ್ತಿನದೂ ಇಲ್ಲ. ಅದಕ್ಕೆ ಹೆಸರೊಂದೇ ಗತಿ.

ಬರೆದವರು ಫೆಲ್ಸಿ ಡಿಕುನ್ಹಾ. ಈಗ ವೆಲೆನ್ಸಿಯಾದಲ್ಲಿ
ಕೋಳಿ ಸಾಕುತ್ತಾರೆ. ಫೋನಿನಲ್ಲಿ ಅವೂ ಮಾತಾಡಿದವು.
‘ಎರಡು ಯಾಕೆ ಇಟ್ಟೆ ಅಂತ ನೆನಪಿಲ್ಲ ಮಾರಾಯ್ತಿ.
ಮಲ್ಪೆಯ ಒಂದು ಐಸ್ ಪ್ಲಾಂಟಿನ ಲೆಕ್ಕ
ಒಂದು ರಾತ್ರಿ ಕಾಣೆಯಾಗಿತ್ತು. ಅಷ್ಟೇ ನೆನಪು.
ಮತ್ತೆ ಸೊಳ್ಳೆ.’

ದೀಪ ಹಾಕುವ ಹೊತ್ತಿಗೆ ಸಿಕ್ಕಿತು.
ಪುಟಗಳಿಗೆ ಸೊನ್ನೆ ಎಂದರೆ ಮೊದಲನೆಯದು.
ಸಾಲುಗಳಿಗೆ ಸೊನ್ನೆ ಎಂದರೆ ಇಲ್ಲ.
ಅದೇ ದುಂಡು;
ಒಂದರೊಳಗೆ ಯಾರದೋ ಐಸಿನ ಲೆಕ್ಕ,
ಇನ್ನೊಂದರೊಳಗೆ ಗಾಳಿ.

ಮೂರನ್ನು ಕೂಡಿಸಿದೆ. ಅವು ನಿಜಕ್ಕೂ ಒಂದೇ,
ಹೆಸರು ಮಾತ್ರ ಮೂವರ ಅವಸರದ್ದು.
ಎರಡನ್ನು ಹಾಗೇ ಬಿಟ್ಟೆ,
ಮೇಲೆ ಒಂದು ಸಾಲು ಟಿಪ್ಪಣಿ
ಬರೆದು, ಅಳಿಸಿ, ಮತ್ತೆ ಬರೆದು.

ಲೈಟು ಆರಿಸುತ್ತ ತನ್ವೀರ ಕೇಳಿದ:
‘ಎಂಥ ಬರೆದಿರಿ?’
‘ಸೊನ್ನೆ ನೋಡಿಕೊಳ್ಳಿ ಅಂತ.’
‘ಯಾವ ಸೊನ್ನೆ?’

ಹೆಗಲಿಗೇರಿಸಿದ ಬ್ಯಾಗು ಕೆಳಗಿಟ್ಟೆ.
ಕೆಳಗೆ ಯಾರೋ ಬಸ್ಸಿನ ಮೈಗೆ ಎರಡು ಬಡಿದರು.
ಅದು ಹೊರಡಲೋ ನಿಲ್ಲಲೋ,
ಡ್ರೈವರಿಗೆ ಗೊತ್ತು.